ಕನ್ನಡಕ ಬಿಡಲು ಶಸ್ತ್ರಚಿಕಿತ್ಸೆ: ನಿಮ್ಮ ಕಣ್ಣಿಗೆ ಯಾವುದು ಒಗ್ಗುತ್ತದೆ ಎಂದು ಹಂತ ಹಂತವಾಗಿ ತಿಳಿಯುವುದು

ಕಣ್ಣಿನ ಆಸ್ಪತ್ರೆಗೆ ಹೋಗಿ ‘ನನಗೆ ಲ್ಯಾಸಿಕ್ ಮಾಡಿ’ ಎಂದು ಕೇಳುವವರು ಬಹಳ ಮಂದಿ. ಲ್ಯಾಸಿಕ್ ಎಂದರೆ ಲೇಸರ್‌ನಿಂದ ಕನ್ನಡಕದ ನಂಬರ್ ತೆಗೆಯುವ ಒಂದು ಶಸ್ತ್ರಚಿಕಿತ್ಸೆ. ಗೆಳೆಯನಿಗೆ ಅದೇ ಆಗಿತ್ತು, ಅವನು ಚೆನ್ನಾಗಿದ್ದಾನೆ, ಹಾಗಾಗಿ ತಮಗೂ ಅದೇ ಬೇಕು. ಇಲ್ಲಿ ಕ್ರಮ ತಲೆಕೆಳಗಾಗಿದೆ. ಶಸ್ತ್ರಚಿಕಿತ್ಸೆಯ ಹೆಸರು ತೀರ್ಮಾನವಾಗಬೇಕಾದದ್ದು ಕೊನೆಯಲ್ಲಿ. ಅದಕ್ಕೆ ಮೊದಲು ಕಣ್ಣಿನ ಏಳೆಂಟು ಅಳತೆಗಳು ಕೈಗೆ ಬರಬೇಕು. ಗೆಳೆಯನ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) 560 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಿದ್ದು ನಿಮ್ಮದು 490 ಇದ್ದರೆ, ಇಬ್ಬರ ಕನ್ನಡಕದ ನಂಬರ್ ಒಂದೇ ಆದರೂ ದಾರಿ ಬೇರೆಯಾಗಬಹುದು. ತಮ್ಮ ವರದಿಯನ್ನು ಕೈಯಲ್ಲಿ ಹಿಡಿದು ಅದರಲ್ಲಿ ಏನಿದೆ ಎಂದು ಓದುಗರು ತಾವೇ ಅರ್ಥಮಾಡಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇದು ವೈದ್ಯರ ಸಲಹೆಯ ಜಾಗವನ್ನು ತುಂಬುವುದಿಲ್ಲ, ಆದರೆ ಅವರೆದುರು ಕುಳಿತಾಗ ಏನು ಕೇಳಬೇಕೆಂದು ತಿಳಿದಿರುತ್ತದೆ.

ಹಂತ 1: ನಿಮ್ಮ ಕನ್ನಡಕದ ಚೀಟಿಯನ್ನು ಓದಿ

ಬೆಳಕನ್ನು ಬಾಗಿಸುವ ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಕನ್ನಡಕದ ನಂಬರನ್ನು ಹೇಳುವುದೂ ಇದೇ ಅಳತೆಯಲ್ಲಿ. ಅದರಲ್ಲಿ ಮೂರನೇ ಎರಡು ಪಾಲು, ಅಂದರೆ ಸುಮಾರು 43 ಡಯಾಪ್ಟರ್, ಕಾರ್ನಿಯಾದ್ದು. ಉಳಿದದ್ದು ಒಳಗಿನ ಮಸೂರದ್ದು. ಎರಡೂ ಸೇರಿ ಬೆಳಕನ್ನು ಹಿಂದಿರುವ ಅಕ್ಷಿಪಟಲದ ಮೇಲೆ ಸರಿಯಾಗಿ ಕೂಡಿಸಬೇಕು.

ಚೀಟಿಯಲ್ಲಿ ಮೈನಸ್ ಚಿಹ್ನೆ ಇದ್ದರೆ ಸಮೀಪದೃಷ್ಟಿ: ಬೆಳಕು ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡುತ್ತದೆ, ದೂರದ್ದು ಮಸುಕಾಗುತ್ತದೆ. ಪ್ಲಸ್ ಇದ್ದರೆ ದೂರದೃಷ್ಟಿ: ಬೆಳಕು ಕೂಡುವ ಬಿಂದು ಹಿಂದಕ್ಕೆ ಬೀಳುತ್ತದೆ. ಸಿಲಿಂಡರ್ ಎಂಬ ಸಂಖ್ಯೆ ಇದ್ದರೆ ಅದು ಅಸ್ಟಿಗ್ಮ್ಯಾಟಿಸಂ. ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮನೆ ಬಾಗಿರದೆ ಒಂದು ಕಡೆಗೆ ಹೆಚ್ಚು ಬಾಗಿರುವುದರಿಂದ ಅಕ್ಷರಗಳಿಗೆ ನೆರಳು ಹಿಡಿದಂತೆ ಕಾಣುತ್ತದೆ. ಅದರ ಪಕ್ಕದ ಆಕ್ಸಿಸ್ ಎಂಬುದು ಆ ಬಾಗಿನ ದಿಕ್ಕು.

ಸಮೀಪದೃಷ್ಟಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ದೊಡ್ಡವರ ಕಣ್ಣಿನ ಉದ್ದ ಸರಾಸರಿ 24 ಮಿ.ಮೀ. ಇದ್ದು, ಅದು ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆಯಿಂದ ಮೂರು ಡಯಾಪ್ಟರ್ ಮೈನಸ್ ಬರುತ್ತದೆ. ಯಾವ ಲೇಸರ್ ಕೂಡ ಆ ಉದ್ದವನ್ನು ಕಡಿಮೆ ಮಾಡುವುದಿಲ್ಲ. ಕಾರ್ನಿಯಾವನ್ನು ಚಪ್ಪಟೆ ಮಾಡಿ ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ, ಅಷ್ಟೇ. ಎಳೆದು ತೆಳುವಾದ ಅಕ್ಷಿಪಟಲ ಹಾಗೆಯೇ ಉಳಿದಿರುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹಂತ 2: ಈಗಲೇ ಮಾಡಿಸಬೇಕೇ, ಕಾಯಬೇಕೇ

ವಯಸ್ಸು ಕನಿಷ್ಠ 18 ಆಗಿರಬೇಕು. ನಂಬರ್ ಇನ್ನೂ ಏರುತ್ತಿರುವವರು 21 ದಾಟುವವರೆಗೆ, ಕೆಲವರು ಅದಕ್ಕಿಂತಲೂ ಹೆಚ್ಚು ಕಾಯುವುದು ಒಳ್ಳೆಯದು. ವಯಸ್ಸಿಗಿಂತ ಮುಖ್ಯವಾದದ್ದು ಸ್ಥಿರತೆ: ಕಳೆದ ಒಂದು ವರ್ಷದಲ್ಲಿ ನಂಬರ್ ಅರ್ಧ ಡಯಾಪ್ಟರಿಗಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಚೀಟಿಗಳನ್ನು ಎಸೆದಿರದಿದ್ದರೆ ಅವನ್ನೆಲ್ಲ ತೆಗೆದುಕೊಂಡು ಹೋಗಿ. ನಿಮ್ಮ ನೆನಪಿಗಿಂತ ಅವು ಹೆಚ್ಚು ನಂಬಿಕೆಗೆ ಅರ್ಹ.

ಗರ್ಭಿಣಿಯರು ಮತ್ತು ಹಾಲುಣಿಸುತ್ತಿರುವ ತಾಯಂದಿರು ಮುಂದೂಡಬೇಕು, ಏಕೆಂದರೆ ಆ ಕಾಲದಲ್ಲಿ ನಂಬರ್ ಮತ್ತು ಕಣ್ಣೀರಿನ ಪ್ರಮಾಣ ಎರಡೂ ಏರುಪೇರಾಗುತ್ತವೆ. ಹತೋಟಿಗೆ ಬಾರದ ಮಧುಮೇಹ, ಸಂಧಿವಾತ ಅಥವಾ ಲೂಪಸ್‌ನಂತಹ ರೋಗಗಳು, ಹಿಂದೆ ಕಣ್ಣಿಗೆ ಬಂದಿದ್ದ ಹರ್ಪೀಸ್ ಸೋಂಕು, ಮೊಡವೆಗೆ ನುಂಗುವ ಐಸೊಟ್ರೆಟಿನೊಯಿನ್ ಮಾತ್ರೆ – ಇವುಗಳಲ್ಲಿ ಯಾವುದಿದ್ದರೂ ಕೇಳುವ ಮೊದಲೇ ವೈದ್ಯರಿಗೆ ತಿಳಿಸಿ. ಗಾಯ ಮಾಯುವ ರೀತಿಯನ್ನು ಅಥವಾ ಕಣ್ಣೀರನ್ನು ಇವು ಕೆಡಿಸಬಲ್ಲವು.

ಹಂತ 3: ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ

ಲೆನ್ಸ್ ಕಾರ್ನಿಯಾವನ್ನು ಒತ್ತಿ ಅದರ ಆಕಾರವನ್ನು ತುಸು ಬದಲಿಸಿರುತ್ತದೆ. ಮೃದು ಲೆನ್ಸ್ ಹಾಕುವವರು ತಪಾಸಣೆಗೆ ಒಂದೆರಡು ವಾರ ಮೊದಲು, ಗಟ್ಟಿ ಲೆನ್ಸ್ ಹಾಕುವವರು ಕನಿಷ್ಠ ಮೂರು ನಾಲ್ಕು ವಾರ ಮೊದಲು ನಿಲ್ಲಿಸಬೇಕು. ನಿನ್ನೆಯವರೆಗೆ ಲೆನ್ಸ್ ಹಾಕಿಕೊಂಡಿದ್ದು ಇವತ್ತು ಅಳತೆ ಕೊಟ್ಟರೆ, ಆ ಅಳತೆಯ ಮೇಲೆ ನಡೆಯುವ ಎಲ್ಲ ಲೆಕ್ಕವೂ ತಪ್ಪಾಗಬಹುದು.

ಹಂತ 4: ತಪಾಸಣೆ, ಅಂದರೆ ನಿಜವಾದ ನಿರ್ಧಾರ ಆಗುವ ಜಾಗ

ಲೇಸರ್ ಕೋಣೆಯಲ್ಲಿ ಕಳೆಯುವುದು ಕೆಲವೇ ನಿಮಿಷ. ತಪಾಸಣೆಗೆ ಎರಡು ಮೂರು ಗಂಟೆ ಹಿಡಿಯಬೇಕು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿ ‘ನಾಳೆಯೇ ಬನ್ನಿ’ ಎಂದರೆ ನಾನಾಗಿದ್ದರೆ ಇನ್ನೊಂದು ಕಡೆ ತೋರಿಸುತ್ತಿದ್ದೆ.

ಮೊದಲನೆಯದು ಕಾರ್ನಿಯಾದ ನಕ್ಷೆ, ಅಂದರೆ ಟೋಪೋಗ್ರಫಿ ಅಥವಾ ಟೋಮೋಗ್ರಫಿ. ಬಣ್ಣಬಣ್ಣದ ಈ ಚಿತ್ರ ಕಾರ್ನಿಯಾದ ಏರು ತಗ್ಗುಗಳನ್ನು ತೋರಿಸುತ್ತದೆ. ಇದರ ಮುಖ್ಯ ಕೆಲಸ ಕೆರಟೋಕೋನಸ್ ಎಂಬ ಕಾಯಿಲೆಯನ್ನು ಹಿಡಿಯುವುದು. ಅದು ಇದ್ದರೆ ಕಾರ್ನಿಯಾ ಬಲಹೀನವಾಗಿ, ತೆಳುವಾಗಿ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಅಂಥ ಕಣ್ಣಿನಿಂದ ಲ್ಯಾಸಿಕ್‌ನಲ್ಲಿ ಇನ್ನಷ್ಟು ಅಂಗಾಂಶ ತೆಗೆದರೆ ಉಬ್ಬು ಬೇಗ ಬೆಳೆಯುತ್ತದೆ. ದೃಷ್ಟಿ ಕನ್ನಡಕಕ್ಕೂ ಸಿಗದಷ್ಟು ಕೆಡಬಹುದು. ಆರಂಭದ ಹಂತದಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಸಿಲಿಂಡರ್ ಮಾತ್ರ ಪದೇ ಪದೇ ಬದಲಾಗುತ್ತಿರುತ್ತದೆ. ಮನೆಯಲ್ಲಿ ಯಾರಿಗಾದರೂ ಇದು ಇದ್ದರೆ, ಅಥವಾ ಕಣ್ಣು ಉಜ್ಜುವ ಅಭ್ಯಾಸ ನಿಮಗಿದ್ದರೆ ಮುಚ್ಚಿಡಬೇಡಿ. ಕೆರಟೋಕೋನಸ್ ಇದೆ ಎಂದು ತಿಳಿದರೆ ಲ್ಯಾಸಿಕ್ ಮಾತನ್ನು ಅಲ್ಲಿಗೇ ಬಿಡಬೇಕು. ಅದರ ಬದಲು ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಎಂಬ ಬೇರೆ ಚಿಕಿತ್ಸೆ ಇದೆ.

ಎರಡನೆಯದು ದಪ್ಪ. ಕಾರ್ನಿಯಾದ ನಡುಭಾಗ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ನಿಮ್ಮ ಕಣ್ಣಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಆರನೇ ಹಂತದಲ್ಲಿ ಬೇಕು.

ಮೂರನೆಯದು ಕಣ್ಣೀರು. ಶಸ್ತ್ರಚಿಕಿತ್ಸೆಯ ನಂತರ ಅತಿ ಹೆಚ್ಚು ಜನರನ್ನು ಕಾಡುವುದು ಕಣ್ಣು ಒಣಗುವ ತೊಂದರೆ. ಮೊದಲೇ ಒಣಗುತ್ತಿದ್ದ ಕಣ್ಣಿಗೆ ಅದು ದುಪ್ಪಟ್ಟಾಗುತ್ತದೆ. ರೆಪ್ಪೆಯಂಚಿನಲ್ಲಿ ಕಾಗದದ ಪಟ್ಟಿ ಇಟ್ಟು ಕಣ್ಣೀರನ್ನು ಅಳೆಯುವ ಪರೀಕ್ಷೆಯನ್ನು ಮಾಡದೆ ಬಿಟ್ಟಿದ್ದರೆ ಕೇಳಿ ಮಾಡಿಸಿ. ಲೆನ್ಸ್ ಹಾಕಿದರೆ ಕಣ್ಣು ಉರಿಯುತ್ತದೆ, ಅದಕ್ಕೇ ಲೇಸರ್ ಬೇಕು ಎನ್ನುವವರು ಈ ಪರೀಕ್ಷೆಯನ್ನು ಇನ್ನೂ ಎಚ್ಚರದಿಂದ ನೋಡಬೇಕು. ಆ ಉರಿಗೆ ಕಾರಣ ಒಣಗಿದ ಕಣ್ಣೇ ಆಗಿರಬಹುದು.

ಇದಲ್ಲದೆ ಕತ್ತಲಲ್ಲಿ ಪಾಪೆ ಎಷ್ಟು ಅಗಲವಾಗುತ್ತದೆ, ಕಣ್ಣಿನ ಒತ್ತಡ ಎಷ್ಟು, ಹನಿ ಹಾಕಿ ಪಾಪೆ ಹಿಗ್ಗಿಸಿದ ಮೇಲೆ ಅಕ್ಷಿಪಟಲದ ಅಂಚಿನಲ್ಲಿ ತೂತು ಅಥವಾ ತೆಳುವಾದ ಜಾಗಗಳಿವೆಯೇ ಎಂದೂ ನೋಡುತ್ತಾರೆ. ಹನಿಯ ನಂತರ ನಾಲ್ಕೈದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಹತ್ತಿರದ್ದು ಮಸುಕಾಗಿರುತ್ತದೆ. ವಾಹನ ಓಡಿಸಲು ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಎಲ್ಲ ವರದಿಗಳ ಪ್ರತಿಗಳನ್ನು ಅಂದೇ ಕೇಳಿ ಪಡೆಯಿರಿ.

ಹಂತ 5: ದಾರಿಗಳನ್ನು ಅರಿಯಿರಿ

ಇರುವುದು ಎರಡೇ ದಾರಿ: ಕಾರ್ನಿಯಾದ ಆಕಾರ ಬದಲಿಸುವುದು, ಇಲ್ಲವೇ ಕಣ್ಣಿನೊಳಗೆ ಮಸೂರ ಇಡುವುದು.

ಕಾರ್ನಿಯಾದ ದಾರಿಗೆ ಹಳೆಯ ಚರಿತ್ರೆಯಿದೆ. 20ನೇ ಶತಮಾನದ ನಡುವೆ ಕೊಲಂಬಿಯಾದ ಬೊಗೋಟಾದಲ್ಲಿ ಹೊಸೆ ಬರಾಕೆರ್ ಎಂಬ ವೈದ್ಯರು ಕಾರ್ನಿಯಾದ ಬಿಲ್ಲೆಯೊಂದನ್ನು ಕತ್ತರಿಸಿ, ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಕಡೆದು ಮತ್ತೆ ಕೂರಿಸುತ್ತಿದ್ದರು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಚಕ್ರದ ಕಡ್ಡಿಗಳಂತೆ ಕಾರ್ನಿಯಾದ ಮೇಲೆ ಗೀರು ಹಾಕುವ ರೇಡಿಯಲ್ ಕೆರಟಾಟಮಿಯನ್ನು ಬಳಕೆಗೆ ತಂದರು. ಅದು ಮೊದಲಿಗೆ ಬಹಳ ಯಶಸ್ವಿಯಾಗಿ ಕಂಡಿತು. ಆದರೆ ಅಮೆರಿಕದಲ್ಲಿ ಹತ್ತು ವರ್ಷ ಬೆನ್ನುಹತ್ತಿ ನೋಡಿದಾಗ 43 ಶೇಕಡಾ ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ಜಾರಿದ್ದವು. ‘ಇದು ಹೊಸದು’ ಎಂಬ ಒಂದೇ ಕಾರಣಕ್ಕೆ ಯಾವ ವಿಧಾನವನ್ನೂ ನಾನು ಮೆಚ್ಚದಿರುವುದು ಈ ಕಥೆಯಿಂದಾಗಿ.

ದಾರಿ ಬದಲಿಸಿದ್ದು ಎಕ್ಸೈಮರ್ ಲೇಸರ್. 193 ನ್ಯಾನೋಮೀಟರ್ ತರಂಗದ ಈ ನೇರಳಾತೀತ ಕಿರಣ ಸುತ್ತಲಿನ ಅಂಗಾಂಶವನ್ನು ಸುಡದೆ, ಗುರಿಯಿಟ್ಟಷ್ಟನ್ನು ಮಾತ್ರ ತೆಗೆದುಹಾಕುತ್ತದೆ ಎಂದು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು.

ಪಿಆರ್‌ಕೆ ಇದರ ಮೊದಲ ಬಳಕೆ. ಕಾರ್ನಿಯಾದ ಮೇಲಿನ ಸುಮಾರು 50 ಮೈಕ್ರಾನ್ ಹೊರಚರ್ಮವನ್ನು ಸರಿಸಿ, ಕೆಳಗಿನ ಪದರಕ್ಕೆ ಲೇಸರ್ ಬಿಡುತ್ತಾರೆ. ಹೊರಚರ್ಮ ಮತ್ತೆ ಬೆಳೆಯುವವರೆಗೆ ಮೂರರಿಂದ ಐದು ದಿನ ಬ್ಯಾಂಡೇಜ್ ಲೆನ್ಸ್ ಇರುತ್ತದೆ. ಮೊದಲ ಎರಡು ಮೂರು ದಿನ ನೋವು, ನೀರು ಸುರಿಯುವುದು, ಬೆಳಕು ಸಹಿಸಲಾಗದಿರುವುದು ಖಂಡಿತ. ದೃಷ್ಟಿ ತಿಳಿಯಾಗಲು ವಾರಗಳು ಬೇಕು, ಪೂರ್ತಿ ನೆಲೆಗೊಳ್ಳಲು ತಿಂಗಳುಗಳು. ನಂಬರ್ ಹೆಚ್ಚಿದ್ದರೆ ಕಾರ್ನಿಯಾ ಮಬ್ಬಾಗುವ ಸಾಧ್ಯತೆ ಇರುವುದರಿಂದ ಮೈಟೊಮೈಸಿನ್ ಎಂಬ ಔಷಧವನ್ನು ಕೆಲ ಕ್ಷಣ ಸವರುತ್ತಾರೆ. ಇಷ್ಟೆಲ್ಲ ಕಷ್ಟವಿದ್ದರೂ ಇದನ್ನು ಹಳೆಯದೆಂದು ತಳ್ಳಿಹಾಕುವುದು ತಪ್ಪು. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮೇಲೆ ಕತ್ತರಿಸುವ ಮುಚ್ಚಳ, ಅಂದರೆ ಫ್ಲ್ಯಾಪ್, ಇದರಲ್ಲಿ ಇಲ್ಲ. ಹಾಗಾಗಿ ತೆಳು ಕಾರ್ನಿಯಾದವರಿಗೂ, ಮುಖಕ್ಕೆ ಪೆಟ್ಟು ಬೀಳುವ ಆಟ ಅಥವಾ ಕೆಲಸದವರಿಗೂ ಎಷ್ಟೋ ಸಲ ಇದೇ ಸರಿಯಾದ ಉತ್ತರ.

ಲ್ಯಾಸಿಕ್‌ನಲ್ಲಿ ಸುಮಾರು 100ರಿಂದ 120 ಮೈಕ್ರಾನ್ ದಪ್ಪದ ಫ್ಲ್ಯಾಪನ್ನು ಒಂದು ಬದಿ ಅಂಟಿಕೊಂಡಿರುವಂತೆ ಕತ್ತರಿಸಿ ಪುಟದಂತೆ ಮಗುಚಿ, ಒಳಗೆ ಎಕ್ಸೈಮರ್ ಬಿಟ್ಟು, ಮತ್ತೆ ಮುಚ್ಚುತ್ತಾರೆ. ಹೊರಚರ್ಮ ಉಳಿದಿರುವುದರಿಂದ ನೋವು ಕಡಿಮೆ, ಮರುದಿನವೇ ಚೆನ್ನಾಗಿ ಕಾಣುತ್ತದೆ. ಮೊದಲು ಸಣ್ಣ ಅಲಗಿನಿಂದ ಕತ್ತರಿಸುತ್ತಿದ್ದರು, ಈಗ ಫೆಮ್ಟೊಸೆಕೆಂಡ್ ಲೇಸರ್ ಹೆಚ್ಚು ಬಳಕೆಯಲ್ಲಿದೆ. ಅದರ ಒಂದೊಂದು ಮಿಡಿತ ಸೆಕೆಂಡಿನ ಲಕ್ಷ ಕೋಟಿ ಭಾಗದ ಸಾವಿರದಲ್ಲೊಂದರ ಲೆಕ್ಕದಲ್ಲಿರುತ್ತದೆ. ಇಂಥ ಅತಿ ಚಿಕ್ಕ, ಅತಿ ಪ್ರಬಲ ಮಿಡಿತಗಳನ್ನು ಸಾಧ್ಯವಾಗಿಸಿದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ ಅವರಿಗೆ 2018ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಲ್ಯಾಸಿಕ್‌ನ ದೌರ್ಬಲ್ಯ ಫ್ಲ್ಯಾಪ್‌ನಲ್ಲೇ ಇದೆ. ಅದು ಮುಂಚಿನ ಬಲಕ್ಕೆ ಎಂದೂ ಮರಳುವುದಿಲ್ಲ. ಬಲವಾದ ಪೆಟ್ಟಿಗೆ ವರ್ಷಗಳ ನಂತರವೂ ಸರಿದ ಉದಾಹರಣೆಗಳಿವೆ. ಕತ್ತರಿಸುವಾಗ ನರಗಳೂ ಕಡಿದುಹೋಗುವುದರಿಂದ ಕೆಲ ತಿಂಗಳು ಕಣ್ಣು ಒಣಗುತ್ತದೆ.

ಸ್ಮೈಲ್ ವಿಧಾನದಲ್ಲಿ ಫೆಮ್ಟೊಸೆಕೆಂಡ್ ಲೇಸರ್ ಒಂದೇ ಎಲ್ಲ ಕೆಲಸ ಮಾಡುತ್ತದೆ. ಕಾರ್ನಿಯಾದ ಒಳಗೇ ತೆಳು ಬಿಲ್ಲೆಯೊಂದನ್ನು ಕೊರೆದು, ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುತ್ತಾರೆ. ಫ್ಲ್ಯಾಪ್ ಇಲ್ಲ, ಕಡಿಯುವ ನರಗಳೂ ಕಡಿಮೆ, ಹಾಗಾಗಿ ಒಣಗುವಿಕೆಯೂ ಕಡಿಮೆ. ಅಮೆರಿಕದಲ್ಲಿ ಇದಕ್ಕೆ 2016ರಲ್ಲಿ ಅನುಮತಿ ಸಿಕ್ಕಿತು. ಮುಖ್ಯವಾಗಿ ಸಮೀಪದೃಷ್ಟಿ ಮತ್ತು ಅದರೊಡನೆ ಬರುವ ಸಿಲಿಂಡರಿಗೆ ಇದು ಸಲ್ಲುತ್ತದೆ. ಬಿಲ್ಲೆ ಹರಿಯದೆ ಹೊರಬರಲು ಅದಕ್ಕೆ ತುಸು ಹೆಚ್ಚುವರಿ ದಪ್ಪ ಬೇಕು. ಅಂದರೆ ಅದೇ ನಂಬರಿಗೆ ಲ್ಯಾಸಿಕ್‌ಗಿಂತ ಕೊಂಚ ಹೆಚ್ಚು ಅಂಗಾಂಶ ಖರ್ಚಾಗುತ್ತದೆ. ನಂಬರ್ ಸ್ವಲ್ಪ ಉಳಿದುಬಿಟ್ಟರೆ ಮತ್ತೆ ಸರಿಪಡಿಸಲು ಸಾಮಾನ್ಯವಾಗಿ ಪಿಆರ್‌ಕೆಗೇ ಹೋಗಬೇಕಾಗುತ್ತದೆ.

ಎರಡನೇ ದಾರಿಯಲ್ಲಿ ಐಸಿಎಲ್ ಮುಖ್ಯ. ಕಣ್ಣಿನ ಸ್ವಂತ ಮಸೂರವನ್ನು ಮುಟ್ಟದೆ, ಅದರ ಮುಂದೆ, ಪಾಪೆಯ ಹಿಂದೆ, ಮಡಚಿದ ಮೃದು ಲೆನ್ಸನ್ನು ಸಣ್ಣ ಸೀಳಿನಿಂದ ಒಳಗಿಡುತ್ತಾರೆ. ಮೈನಸ್ 8, 10 ದಾಟಿದವರಿಗೆ, ಕಾರ್ನಿಯಾ ತೆಳುವಾಗಿರುವವರಿಗೆ ಇದು ದೊಡ್ಡ ಆಸರೆ. ಬೇಡವೆನಿಸಿದರೆ ಲೆನ್ಸನ್ನು ತೆಗೆಯಲೂಬಹುದು. ಆದರೆ ಕಣ್ಣಿನ ಮುಂಕೋಣೆಯ ಆಳ ಸುಮಾರು 3 ಮಿ.ಮೀ. ಇರಬೇಕು, ಕಾರ್ನಿಯಾದ ಒಳಪದರದ ಕೋಶಗಳ ಎಣಿಕೆ ವಯಸ್ಸಿಗೆ ತಕ್ಕಷ್ಟು ಇರಬೇಕು. ಇದು ಕಣ್ಣಿನ ಒಳಗೆ ಮಾಡುವ ಶಸ್ತ್ರಚಿಕಿತ್ಸೆ. ಸೋಂಕು ಅಪರೂಪವಾದರೂ ಬಂದರೆ ಗಂಭೀರ. ಲೆನ್ಸ್‌ನ ಅಳತೆ ತಪ್ಪಿದರೆ ಒತ್ತಡ ಏರುವುದು, ಬೇಗ ಪೊರೆ ಬರುವುದು ಸಾಧ್ಯ.

ಸ್ವಂತ ಮಸೂರವನ್ನೇ ತೆಗೆದು ಕೃತಕ ಮಸೂರ ಹಾಕುವುದೂ ಒಂದು ವಿಧಾನ. ಪೊರೆಯ ಶಸ್ತ್ರಚಿಕಿತ್ಸೆಯಂತೆಯೇ ಅದು ನಡೆಯುತ್ತದೆ. ಐವತ್ತರ ಆಸುಪಾಸಿನ, ಪ್ಲಸ್ ನಂಬರ್ ಹೆಚ್ಚಿರುವವರಿಗೆ ಇದು ಯೋಗ್ಯ. ಚಿಕ್ಕ ವಯಸ್ಸಿನ, ಹೆಚ್ಚು ಮೈನಸ್ ಇರುವವರಿಗೆ ಅಕ್ಷಿಪಟಲ ಕಳಚುವ ಅಪಾಯ ಹೆಚ್ಚುವುದರಿಂದ ನಾನಂತೂ ಇದನ್ನು ಸೂಚಿಸಲಾರೆ.

ಹಂತ 6: ಮೈಕ್ರಾನ್ ಲೆಕ್ಕವನ್ನು ನೀವೇ ಹಾಕಿ ನೋಡಿ

ಒಂದು ಡಯಾಪ್ಟರ್ ಮೈನಸ್ ತೆಗೆಯಲು ಎಷ್ಟು ಮೈಕ್ರಾನ್ ಸವೆಯುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ: ಚಿಕಿತ್ಸೆಯ ವೃತ್ತದ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ ಮೂರರಿಂದ ಭಾಗಿಸಿ. 6.5 ಮಿ.ಮೀ. ವೃತ್ತಕ್ಕೆ ಸುಮಾರು 14 ಮೈಕ್ರಾನ್, 6 ಮಿ.ಮೀ. ವೃತ್ತಕ್ಕೆ 12.

ದಪ್ಪ 545, ನಂಬರ್ ಮೈನಸ್ 4 ಇರುವ ಕಣ್ಣಿಗೆ 110 ಮೈಕ್ರಾನ್ ಫ್ಲ್ಯಾಪ್ ಎಂದುಕೊಳ್ಳಿ. ನಾಲ್ಕು ಹದಿನಾಲ್ಕಲೆ 56. 545ರಲ್ಲಿ 110 ಮತ್ತು 56 ಕಳೆದರೆ 379 ಉಳಿಯುತ್ತದೆ. ಕನಿಷ್ಠ 250 ಉಳಿಯಲೇಬೇಕು ಎಂಬುದು ಹಳೆಯ ಗಡಿ, ಎಚ್ಚರದ ವೈದ್ಯರು 280ರಿಂದ 300 ಕೇಳುತ್ತಾರೆ. ಇಲ್ಲಿ ಚಿಂತೆಯಿಲ್ಲ.

ಈಗ ದಪ್ಪ 500, ನಂಬರ್ ಮೈನಸ್ 8. ಎಂಟು ಹದಿನಾಲ್ಕಲೆ 112. ಉಳಿಯುವುದು 278. ಹಳೆಯ ಗಡಿ ದಾಟಿತಲ್ಲ ಎಂದು ಹಿಗ್ಗಬೇಡಿ. ಫ್ಲ್ಯಾಪ್ ಮತ್ತು ಸವೆತ ಸೇರಿ 222 ಮೈಕ್ರಾನ್, ಅಂದರೆ ಒಟ್ಟು ದಪ್ಪದ 44 ಶೇಕಡಾ. ಇದು 40 ಶೇಕಡಾ ತಲುಪಿದರೆ ಕಾರ್ನಿಯಾ ಮುಂದೆ ಉಬ್ಬುವ ಅಪಾಯ ಹೆಚ್ಚುತ್ತದೆ. ಒಂದು ಗಡಿ ಒಪ್ಪಿದ್ದನ್ನು ಇನ್ನೊಂದು ಒಪ್ಪುತ್ತಿಲ್ಲ. ವೃತ್ತವನ್ನು 6 ಮಿ.ಮೀ.ಗೆ ಇಳಿಸಿ ಅಂಗಾಂಶ ಉಳಿಸಬಹುದು. ಆಗ ಕತ್ತಲಲ್ಲಿ ಪಾಪೆ ಹಿಗ್ಗಿದಾಗ ದೀಪಗಳ ಸುತ್ತ ಬಳೆಯಂತೆ ಪ್ರಭೆ ಕಾಣುವುದು ಹೆಚ್ಚಾಗುತ್ತದೆ. ಈ ಕಣ್ಣಿಗೆ ಮುಂಕೋಣೆಯ ಆಳವಿದ್ದರೆ ಐಸಿಎಲ್ ಕಡೆಗೆ ನನ್ನ ಒಲವು. ಲೇಸರ್ ಯಂತ್ರಗಳ ನಿಜವಾದ ಸಂಖ್ಯೆ ಸೂತ್ರಕ್ಕಿಂತ ಬೇರೆಯಾಗುವುದರಿಂದ ‘ನನ್ನ ಕಣ್ಣಿನಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ?’ ಎಂದು ವೈದ್ಯರನ್ನೇ ಕೇಳಿ. ಅದಕ್ಕೆ ಸಂಖ್ಯೆಯಲ್ಲೇ ಉತ್ತರ ಬರಬೇಕು.

ಹಂತ 7: ನಲವತ್ತರ ಹತ್ತಿರವಿದ್ದರೆ ಇದನ್ನು ಓದಿ

ಹತ್ತಿರದ್ದನ್ನು ಓದಲು ಒಳಮಸೂರ ಉಬ್ಬಬೇಕು. ನಲವತ್ತರ ನಂತರ ಅದು ಗಡುಸಾಗುತ್ತದೆ. ಮೈನಸ್ 2 ಇರುವವರು ಕನ್ನಡಕ ತೆಗೆದು ಆರಾಮವಾಗಿ ಓದುತ್ತಿರುತ್ತಾರೆ. ದೂರಕ್ಕೆಂದು ಲೇಸರ್ ಮಾಡಿಸಿದ ದಿನವೇ ಆ ಅನುಕೂಲ ಹೋಗಿ, ಓದುವ ಕನ್ನಡಕ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದಾಗ ಆಗುವ ನಿರಾಸೆ ದೊಡ್ಡದು. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಮೊನೊವಿಷನ್ ಎಂಬ ಏರ್ಪಾಡು ಇದೆ. ಎಲ್ಲರ ಮೆದುಳೂ ಅದಕ್ಕೆ ಒಗ್ಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ದಿನ ಹಾಗೆ ಬದುಕಿ ನೋಡಿದ ಮೇಲೆಯೇ ಒಪ್ಪಿಕೊಳ್ಳಿ.

ಹಂತ 8: ಆ ದಿನ

ಕಣ್ಣಿಗೆ ಕಾಡಿಗೆ, ಮೈಗೆ ಸುಗಂಧ ಬೇಡ. ಮರವು ಹನಿ ಹಾಕುತ್ತಾರೆ, ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಇಡುತ್ತಾರೆ. ಫ್ಲ್ಯಾಪ್ ಅಥವಾ ಬಿಲ್ಲೆ ಕೊರೆಯುವಾಗ ಕಣ್ಣನ್ನು ಹೀರಿ ಹಿಡಿಯುವುದರಿಂದ ಒತ್ತಿದಂತಾಗಿ, ಕೆಲ ಸೆಕೆಂಡು ಕತ್ತಲಾಗಬಹುದು, ಗಾಬರಿ ಬೇಡ. ಎಕ್ಸೈಮರ್ ನಡೆಯುವಾಗ ಕೂದಲು ಸುಟ್ಟಂಥ ವಾಸನೆ ಬರುತ್ತದೆ. ತೋರಿಸಿದ ದೀಪವನ್ನು ನೋಡುತ್ತಿರುವುದಷ್ಟೇ ನಿಮ್ಮ ಕೆಲಸ. ಕಣ್ಣು ತುಸು ಅಲುಗಿದರೆ ಎಕ್ಸೈಮರ್ ಯಂತ್ರ ಹಿಂಬಾಲಿಸುತ್ತದೆ, ಹೆಚ್ಚು ಅಲುಗಿದರೆ ತಾನೇ ನಿಲ್ಲುತ್ತದೆ.

ಹಂತ 9: ಮೊದಲ ಮೂರು ತಿಂಗಳು

ಕಣ್ಣು ಉಜ್ಜಬೇಡಿ. ಲ್ಯಾಸಿಕ್ ಆದವರಿಗೆ ಈ ಒಂದು ಮಾತು ಉಳಿದೆಲ್ಲದಕ್ಕಿಂತ ದೊಡ್ಡದು. ನಿದ್ದೆಯಲ್ಲಿ ಕೈ ಹೋಗದಂತೆ ಮೊದಲ ವಾರ ರಾತ್ರಿ ಕಣ್ಣಿಗೆ ಕವಚ ಕಟ್ಟಿಕೊಳ್ಳಬೇಕು. ಆ್ಯಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಹನಿಗಳನ್ನು ಬರೆದುಕೊಟ್ಟ ದಿನಗಳಷ್ಟೇ ಹಾಕಿ. ಸ್ಟೀರಾಯ್ಡ್ ಹನಿಯನ್ನು ನೀವಾಗಿಯೇ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟಾಗಬಹುದು. ಕೃತಕ ಕಣ್ಣೀರಿನ ಹನಿಗಳನ್ನು ಮಾತ್ರ ತಿಂಗಳುಗಟ್ಟಲೆ ಬಳಸಬೇಕಾಗಬಹುದು. ಈಜು ಎರಡು ವಾರವಾದರೂ ಬೇಡ. ಪಿಆರ್‌ಕೆ ಆದವರು ಬಿಸಿಲಿಗೆ ನೇರಳಾತೀತ ಕಿರಣ ತಡೆಯುವ ತಂಪು ಕನ್ನಡಕವನ್ನು ತಿಂಗಳುಗಳ ಕಾಲ ಬಿಡಬಾರದು.

ರಾತ್ರಿ ದೀಪಗಳ ಸುತ್ತ ಪ್ರಭೆ, ಬೆಳಿಗ್ಗೆಗೂ ಸಂಜೆಗೂ ದೃಷ್ಟಿಯಲ್ಲಿ ವ್ಯತ್ಯಾಸ – ಇವು ಮೊದಲ ಕೆಲ ವಾರಗಳಲ್ಲಿ ಸಹಜ. ಬಹುತೇಕರಿಗೆ ತಗ್ಗುತ್ತವೆ, ಕೆಲವರಿಗೆ ಸ್ವಲ್ಪ ಉಳಿಯುತ್ತವೆ. ಆದರೆ ನೋವು ಏರುತ್ತಾ ಹೋದರೆ, ಕಂಡಷ್ಟೂ ಕಾಣದಾದರೆ, ಕೆಂಪಾಗಿ ಕೀವು ಬಂದರೆ ಅಂದೇ ಹೋಗಿ ತೋರಿಸಿ. ಐಸಿಎಲ್ ಆದವರಿಗೆ ತಲೆನೋವು, ವಾಂತಿ ಬಂದರೆ ಒತ್ತಡ ಏರಿರಬಹುದು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ತಲುಪಬೇಕು.

ಹಂತ 10: ವರ್ಷಗಳ ನಂತರ

ಮೊದಲು ಹೇಳಿದ ಉದ್ದ ಕಣ್ಣಿನ ಮಾತು ಇಲ್ಲಿ ಮರಳುತ್ತದೆ. ಕನ್ನಡಕ ಹೋದರೂ ಅಕ್ಷಿಪಟಲಕ್ಕೆ ನೀವಿನ್ನೂ ಸಮೀಪದೃಷ್ಟಿಯವರೇ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷಿಸಿಕೊಳ್ಳಿ. ಇದ್ದಕ್ಕಿದ್ದಂತೆ ಮಿಂಚು, ಹಾರಾಡುವ ಕಪ್ಪು ಚುಕ್ಕೆಗಳ ಗುಂಪು, ಪರದೆ ಇಳಿದಂತಹ ನೆರಳು ಕಂಡರೆ ಒಂದು ದಿನವೂ ತಡಮಾಡಬೇಡಿ.

ಲೇಸರ್‌ನಿಂದ ತೆಳುವಾದ ಕಾರ್ನಿಯಾದ ಮೇಲೆ ಒತ್ತಡ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಕಾಯಿಲೆ ವೈದ್ಯರ ಕಣ್ಣು ತಪ್ಪಿಸಬಹುದು. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಲೇಸರ್ ಆಗಿರುವುದನ್ನು ಮೊದಲು ಹೇಳಿ. ಮುಂದೆ ಪೊರೆ ಬಂದು ಕೃತಕ ಮಸೂರ ಹಾಕುವಾಗಲೂ ಅದರ ಶಕ್ತಿಯ ಲೆಕ್ಕ ಇದೇ ಕಾರ್ನಿಯಾವನ್ನು ಅವಲಂಬಿಸಿದೆ. ಆಕಾರ ಬದಲಾದ ಕಾರ್ನಿಯಾದಲ್ಲಿ ಮಾಮೂಲಿ ಸೂತ್ರಗಳು ತಪ್ಪುತ್ತವೆ. ಲೇಸರಿಗೆ ಮುಂಚಿನ ನಂಬರ್, ಕಾರ್ನಿಯಾದ ಬಾಗು ಮತ್ತು ದಪ್ಪ ಇರುವ ಆ ಕಡತ ಸಿಕ್ಕರೆ ಇಪ್ಪತ್ತೋ ಮೂವತ್ತೋ ವರ್ಷಗಳ ನಂತರ ನಿಮ್ಮ ಕಣ್ಣು ನೋಡುವ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ಒಂದು ಪ್ರತಿಯನ್ನು ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ, ಇನ್ನೊಂದರ ಚಿತ್ರ ತೆಗೆದು ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ, ಅದು ಎಲ್ಲಿದೆ ಎಂದು ಮನೆಯವರೊಬ್ಬರಿಗೆ ಹೇಳಿರಿ.